ರಾಂತೆಪಾವೊದ ಗೈಡ್‌ಗಳು: ತೋರಾಜರ ಸಾವಿನ ಮನೆಗೆ ಕ್ಯಾಮೆರಾ ಒಯ್ಯುವವರಿಗೆ

ಇಂಡೋನೇಷ್ಯಾದ ದಕ್ಷಿಣ ಸುಲವೇಸಿಯ ಗುಡ್ಡಗಾಡಿನಲ್ಲಿರುವ ತೋರಾಜ ಜನಾಂಗದ ಶವಸಂಸ್ಕಾರ ‘ರಂಬು ಸೋಲೊ’ದ ಫೋಟೊ ತೆಗೆಯಬೇಕೆಂದಿದ್ದರೆ ಪ್ರಾಂತದ ರಾಜಧಾನಿ ಮಕಸ್ಸರ್‌ನಲ್ಲಿ ಪ್ಯಾಕೇಜ್ ಹಿಡಿಯಬೇಡಿ. ಬಸ್ಸಿನಲ್ಲಿ ಎಂಟೊಂಬತ್ತು ತಾಸು ಕೂತು ತೋರಾಜರ ಪಟ್ಟಣ ರಾಂತೆಪಾವೊ ತಲುಪಿ, ಅಲ್ಲಿನ ತೋರಾಜ ಗೈಡನ್ನೇ ಗೊತ್ತುಮಾಡಿಕೊಳ್ಳಿ. ಯಾವ ಹಳ್ಳಿಯಲ್ಲಿ ಯಾವತ್ತು ಯಾವ ವಿಧಿ ಅನ್ನುವುದು ಅವರಿಗೆ ನೆಂಟರಿಷ್ಟರಿಂದಲೇ ತಿಳಿದಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಸಂಸ್ಕಾರಗಳು ಹೆಚ್ಚು.

ಒಳ್ಳೆಯ ಗೈಡ್ ಮೊದಲು ಕರೆದೊಯ್ಯುವುದು ಅಂಗಡಿಗೆ. ಸಕ್ಕರೆ, ಕಾಫಿಪುಡಿ ಇಲ್ಲವೇ ಸಿಗರೇಟು ಕೊಳ್ಳಬೇಕು, ಬರಿಗೈಯಲ್ಲಿ ಹೋಗುವಂತಿಲ್ಲ. ಬಟ್ಟೆ ಕಪ್ಪಾಗಿರಲಿ. ಗೈಡ್ ಉಡುಗೊರೆಯನ್ನು ಮನೆಯವರ ಕೈಗಿತ್ತು, ಫೋಟೊಕ್ಕೆ ಒಪ್ಪಿಗೆ ಕೇಳಿ, ‘ಲಂತಾಂಗ್’ ಅನ್ನುವ ಬಿದಿರಿನ ಚಪ್ಪರದಲ್ಲಿ ನಿಮ್ಮನ್ನು ಕೂರಿಸುತ್ತಾನೆ. ಕಾಫಿ ಬರುತ್ತದೆ. ಅದನ್ನು ಕುಡಿದ ಮೇಲೆಯೇ ಕ್ಯಾಮೆರಾ ಹೊರಗೆ ತೆಗೆಯಿರಿ. ಸಂಸ್ಕಾರದ ಬಲಿಯಾಗಿ ಕೋಣ ಕಡಿಯುವ ಹೊತ್ತಿಗೆ ಗುಂಪನ್ನು ತಂದಿಳಿಸಿ, ಮುಗಿದ ಕೂಡಲೇ ವ್ಯಾನ್ ಹತ್ತಿಸುವ ಪ್ಯಾಕೇಜುಗಳಲ್ಲಿ ಇದ್ಯಾವುದೂ ಇರುವುದಿಲ್ಲ. ಸಾವಿನ ಮನೆಗೆ ಹೋಗಿ ಮನೆಯವರನ್ನು ಮಾತಾಡಿಸದೆ ಬರುವುದು ಅವಮರ್ಯಾದೆ.

ನಿಜವಾಗಿ ಕಾಯಬೇಕಾದ್ದು ‘ಮಬಾದೋಂಗ್’ ಅನ್ನುವ ಹಾಡು-ಕುಣಿತಕ್ಕೆ. ಜನ ವೃತ್ತವಾಗಿ ನಿಂತು, ಕಿರುಬೆರಳಿಗೆ ಕಿರುಬೆರಳು ಕೊಂಡಿ ಹಾಕಿ, ಸತ್ತವರ ಬಾಳನ್ನು ಹಾಡುತ್ತ ನಿಧಾನಕ್ಕೆ ತಿರುಗುತ್ತಾರೆ. ವೃತ್ತದೊಳಗೆ ನುಗ್ಗಬೇಡಿ, ಹೊರಗಿನಿಂದ 85 ಎಂಎಂ ಲೆನ್ಸಿನಲ್ಲಿ ಆ ಬೆರಳುಗಳು ಚೆನ್ನಾಗಿ ಸಿಗುತ್ತವೆ. ಕಪ್ಪು ಬಟ್ಟೆ, ಕಪ್ಪು ಕೋಣ ತುಂಬಿದ ಫ್ರೇಮನ್ನು ಕ್ಯಾಮೆರಾ ಕತ್ತಲೆಯೆಂದೇ ಲೆಕ್ಕಹಾಕಿ ಬೆಳಕು ಹೆಚ್ಚಿಸುತ್ತದೆ, ಮುಖಗಳು ಬೆಳ್ಳಗೆ ಸುಟ್ಟುಹೋಗುತ್ತವೆ. ಎಕ್ಸ್‌ಪೋಷರನ್ನು ಮುಕ್ಕಾಲರಿಂದ ಒಂದು ಸ್ಟಾಪ್‌ನಷ್ಟು ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಚಪ್ಪರದೊಳಗೆ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, 1600–3200 ಬೇಕಾಗಬಹುದು. ಫ್ಲ್ಯಾಶ್ ಬೇಡವೇ ಬೇಡ.

ಶವಪೆಟ್ಟಿಗೆಯ ಮೆರವಣಿಗೆಯಲ್ಲಿ ಹೆಂಗಸರು ಮುಂದೆ ಉದ್ದನೆಯ ಕೆಂಪು ಬಟ್ಟೆ ಹಿಡಿದು ನಡೆಯುತ್ತಾರೆ, ಅದನ್ನು ದಾಟಬಾರದು. ಹೊರುವವರು ಕೂಗುತ್ತ ಜಗ್ಗಾಡುವುದರಿಂದ ಶಟರ್ ವೇಗ ಸೆಕೆಂಡಿನ 1/500ಕ್ಕಿಂತ ಕೆಳಗೆ ಬೇಡ. ಕೋಣದ ಕಾಲನ್ನು ಹಗ್ಗದಿಂದ ಗೂಟಕ್ಕೆ ಕಟ್ಟಿರುತ್ತಾರೆ. ಕತ್ತಿಯೇಟು ಬಿದ್ದ ಮೇಲೆ ಅದು ಎಗರಾಡುತ್ತದೆ. ಆ ಹಗ್ಗದ ಉದ್ದದ ಎರಡು ಪಟ್ಟು ದೂರದಲ್ಲಿ, 70–200 ಎಂಎಂ ಜೂಮ್ ಲೆನ್ಸಿನೊಂದಿಗೆ ನಿಲ್ಲಿ. ಅಳುವವರ ಹತ್ತಿರದ ಚಿತ್ರ ಬೇಕಾದರೆ ಗೈಡ್ ಮೂಲಕ ಮತ್ತೊಮ್ಮೆ ಕೇಳಿ.

ಈ ಗೈಡ್‌ಗಳಿಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಒಂದು ಅಂಕ ಹೋಗುವುದು ದರದ ಗೊಂದಲಕ್ಕೆ: ವಾಹನ, ಊಟ, ಉಡುಗೊರೆ ಸೇರಿದೆಯೋ ಇಲ್ಲವೋ ಎಂದು ಮೊದಲೇ ಬಿಡಿಸಿ ಹೇಳುವವರು ಕಡಿಮೆ. ಹಿಂದಿನ ರಾತ್ರಿಯೇ ಇದನ್ನೆಲ್ಲ ಬರೆಸಿಕೊಳ್ಳಿ, ಮರುದಿನ ಯಾವ ವಿಧಿ ಇದೆ ಅನ್ನುವುದನ್ನೂ ಸೇರಿಸಿ.