ಹಳೇ ರೆಗ್ಯುಲೇಟರ್, ಹೊಸ ರೆಗ್ಯುಲೇಟರ್: ಉಸಿರಾಡಲು ಯಾವುದು ಹಗುರ?

ಸ್ಕೂಬಾ ರೆಗ್ಯುಲೇಟರ್ (ನೀರಿನಡಿ ಈಜುವಾಗ ಸಿಲಿಂಡರಿನ ಗಾಳಿಯ ಒತ್ತಡ ತಗ್ಗಿಸಿ ಬಾಯಿಗೆ ಕೊಡುವ ಸಾಧನ) ಅಂದರೆ ದಾವಣಗೆರೆಯಲ್ಲಿ ಗೆಳೆಯರು "ಕುಂದವಾಡ ಕೆರೆಗೆ ಇಳೀತೀಯೇನೋ?" ಅಂತ ನಗುತ್ತಾರೆ. ನಗಲಿ ಬಿಡಿ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗುವ ಹುಚ್ಚು ನಮ್ಮೂರಿನವರಿಗೂ ಇದೆ.

ನನ್ನ ಹತ್ತಿರ ಎರಡು ಸೆಟ್ ಇವೆ. ಒಂದು, ದುಬೈಯಲ್ಲಿದ್ದ ದೊಡ್ಡಪ್ಪನ ಮಗ ಕೊಟ್ಟ ಸ್ಕೂಬಾಪ್ರೊ ಕಂಪನಿಯ ಎಂಕೆ10 (ಸಿಲಿಂಡರಿಗೆ ಕೂರುವ ಫಸ್ಟ್ ಸ್ಟೇಜ್), ಜೊತೆಗೆ ಜಿ250 ಸೆಕೆಂಡ್ ಸ್ಟೇಜ್ (ಬಾಯಲ್ಲಿ ಕಚ್ಚುವ ಭಾಗ). 1980ರ ದಶಕದ ಮಾಡೆಲ್. ಇನ್ನೊಂದು ಈಚೆಗೆ ಕೊಂಡ ಕಡಿಮೆ ಬೆಲೆಯ ಹೊಸದು, ಕಂಪನಿ ಹೆಸರು ಬೇಡ.

ಮಂಡಿಪೇಟೆಯಲ್ಲಿ ಗಾರೆಯವರು ಮಟ್ಟ ನೋಡಲು ಒಯ್ಯುವ ಲೆವೆಲ್ ಪೈಪ್ ಸಿಗುತ್ತದಲ್ವಾ, ಅದನ್ನು ಹಲಗೆಗೆ ಯು ಆಕಾರದಲ್ಲಿ ಕಟ್ಟಿ, ಅರ್ಧ ನೀರು ತುಂಬಿ, ಮುರುಡೇಶ್ವರಕ್ಕೆ ಒಯ್ದೆ. ಪೈಪಿನ ಒಂದು ತುದಿಯನ್ನು ಮೌತ್‌ಪೀಸ್ ಜೊತೆಗೇ ಬಾಯಲ್ಲಿ ಕಚ್ಚಿ ಮೆಲ್ಲಗೆ ಉಸಿರೆಳೆಯಬೇಕು. ಗಾಳಿ ಬರಲು ಶುರುವಾದಾಗ ಎರಡೂ ಕಡೆಯ ನೀರಿಗೆ ಎಷ್ಟು ಇಂಚು ವ್ಯತ್ಯಾಸವೋ, ಉಸಿರಿಗೆ ಅಷ್ಟು ಭಾರ. ಸಿಲಿಂಡರ್ ತುಂಬಿದ್ದಾಗ ಹಳೆಯದು ಒಂದು ಇಂಚಿನ ಆಸುಪಾಸು, ಹೊಸದು ಒಂದೂವರೆ. ಸಿಲಿಂಡರಿನ ಒತ್ತಡ 50 ಬಾರ್‌ಗೆ ಇಳಿದಾಗ (ತುಂಬಿದ್ದಾಗ ಸುಮಾರು 200) ಹಳೆಯದು ಅಲ್ಲೇ ಇತ್ತು, ಹೊಸದು ಎರಡರ ಹತ್ತಿರ ಹೋಯಿತು.

ಕಾರಣ ವಯಸ್ಸಲ್ಲ. ಎಂಕೆ10 ಬ್ಯಾಲೆನ್ಸ್ಡ್ ಪಿಸ್ಟನ್. ಸಿಲಿಂಡರ್ ಎಷ್ಟೇ ಖಾಲಿಯಾದರೂ ಬಾಯಿಯ ಕಡೆಗೆ ಕಳಿಸುವ ಒತ್ತಡ ಹೆಚ್ಚುಕಡಿಮೆ ಒಂದೇ. ನನ್ನ ಹೊಸದು ಅನ್‌ಬ್ಯಾಲೆನ್ಸ್ಡ್, ಸಿಲಿಂಡರ್ ಇಳಿದಂತೆ ಆ ಒತ್ತಡವೂ ಇಳಿಯುತ್ತದೆ, ಉಸಿರು ಬಿಗಿಯಾಗುತ್ತದೆ. ಹದಿನೈದು ಮೀಟರ್ ಆಳದಲ್ಲಿ ಗಾಳಿ ಮೇಲಿನದಕ್ಕಿಂತ ಎರಡೂವರೆ ಪಟ್ಟು ದಟ್ಟ, ಅಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ, ಅದರಲ್ಲೂ ಪ್ರವಾಹಕ್ಕೆ ಎದುರಾಗಿ ಕಾಲು ಬಡಿಯುವಾಗ.

ಡಬ್ಬಿಯ ಮೇಲೆ ದೊಡ್ಡದಾಗಿ ಇಎನ್ 250 ಅಂತ ಬರೆದಿರುತ್ತಾರೆ. ಅದು ಯುರೋಪಿನ ಮಾನದಂಡ: 50 ಮೀಟರ್ ಆಳದಲ್ಲಿ ನಿಮಿಷಕ್ಕೆ 62.5 ಲೀಟರ್ ಉಸಿರಾಡಿದರೂ ಉಸಿರಾಟದ ಶ್ರಮ ಒಂದು ಲೀಟರ್ ಗಾಳಿಗೆ 3 ಜೌಲ್ ಮೀರಬಾರದು. ಒಳ್ಳೆಯದೇ. ಆದರೆ ಅದು ಪಾಸ್ ಗೆರೆ ಅಷ್ಟೇ, ರ‍್ಯಾಂಕ್ ಅಲ್ಲ.

ಹೊಸದಕ್ಕೆ ಒಂದು ವಿಷಯದಲ್ಲಿ ಪೂರ್ತಿ ಅಂಕ: ಉಸಿರು ಬಿಡುವುದು ತುಂಬಾ ಸಲೀಸು. ಅದರ ದೊಡ್ಡ ಸಿಲಿಕಾನ್ ಎಕ್ಸಾಸ್ಟ್ ವಾಲ್ವ್ ಹೂವಿನಂತೆ ತೆರೆದುಕೊಳ್ಳುತ್ತದೆ. ಗುಳ್ಳೆಗಳು ಮಾತ್ರ ಕಣ್ಣ ಮುಂದೆಯೇ ಏರುತ್ತವೆ, ಸ್ವಲ್ಪ ಕಿರಿಕಿರಿ.

ಹಳೆಯದು ಹೀಗೆ ಇರುವುದು ಪೂರ್ತಿ ಸರ್ವಿಸ್ ಆಗಿರುವುದರಿಂದ. ನಮ್ಮೂರಲ್ಲಿ ಆ ಕೆಲಸಕ್ಕೆ ಯಾರೂ ಸಿಗಲಿಲ್ಲ, ಗೋವಾಕ್ಕೆ ಕೊರಿಯರ್ ಮಾಡಿದೆ. ದಯವಿಟ್ಟು ಪಂಪ್‌ಸೆಟ್ ಅಂಗಡಿಯ ಓ-ರಿಂಗ್ ಹಾಕಿಸಬೇಡಿ. ಇಲ್ಲಿ 200 ಬಾರ್ ಒತ್ತಡದ ಮಾತು. ಇನ್ನು ಉಸಿರಿನ ಬಿಗಿ ಹೊಂದಿಸಲು ಸೆಕೆಂಡ್ ಸ್ಟೇಜಿನ ಬದಿಗಿರುವ ತಿರುಗಣೆ ಸಡಿಲಿಸಿ ತೀರಾ ಹಗುರ ಮಾಡಿದರೆ ಸುಮ್ನೆ ಗಾಳಿ ಬುಸ್ಸೆಂದು ಸೋರುತ್ತದೆ.

ಕೊಳ್ಳುವವರು ಮಾಡೆಲ್ ಯಾವ ವರ್ಷದ್ದು ಅಂತ ಕೇಳುವುದಕ್ಕಿಂತ ಬ್ಯಾಲೆನ್ಸ್ಡ್ ಹೌದೋ ಅಲ್ಲವೋ, ಬಿಡಿಭಾಗ ಸಿಗುತ್ತಾ ಅಂತ ಕೇಳಿ. ನಾನು ಹೊಸದನ್ನು ಮಾರುವುದಿಲ್ಲ, ಹಳೆಯದು ಸರ್ವಿಸ್‌ಗೆ ಹೋದಾಗ ಬೇಕಾಗುತ್ತದೆ.