ಪೆಟ್ರೋಲ್ ಸೋರುವ ಹಳೇ ಲಾನ್ ಮೂವರ್‌ಗೆ ಉದ್ಯಮಬಾಗದ ಮಿಸ್ತ್ರಿ

ಬೆಳಗಾವಿಯಲ್ಲಿ ಲಾನ್ ಮೂವರ್ (ಹುಲ್ಲು ಕತ್ತರಿಸುವ ಯಂತ್ರ) ರಿಪೇರಿಗೆ ಜನ ಸಿಗೋದೇ ಕಷ್ಟ. ಬೈಕ್ ಗ್ಯಾರೇಜಿನವರು ಮುಟ್ಟುವುದಿಲ್ಲ. ನನ್ನದು ಹಳೇ ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್ ಎಂಜಿನ್. ನಿಲ್ಲಿಸಿದಲ್ಲೆಲ್ಲ ಪೆಟ್ರೋಲ್ ಸೋರುತ್ತಿತ್ತು, ಏರ್ ಫಿಲ್ಟರ್ ಕೂಡ ನೆನೆದುಹೋಗಿತ್ತು. ಮೊದಲು ತೋರಿಸಿದ ಅಂಗಡಿಯಲ್ಲಿ ಬಿಚ್ಚಿಯೂ ನೋಡದೆ, ಕಾರ್ಬುರೇಟರ್ (ಎಂಜಿನ್‌ಗೆ ಪೆಟ್ರೋಲ್-ಗಾಳಿ ಬೆರೆಸಿ ಕೊಡುವ ಭಾಗ) ಪೂರ್ತಿ ಬದಲಿಸಬೇಕು ಅಂದುಬಿಟ್ಟರು.

ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಳರಸ್ತೆಯ ಈ ಮಿಸ್ತ್ರಿಗೆ ಬೋರ್ಡೂ ಇಲ್ಲ. ಬಂದವನೇ ಆಯಿಲ್ ಕಡ್ಡಿ ಎಳೆದು ಮೂಸಿದ. "ಆಯಿಲ್‌ನ್ಯಾಗ ಪೆಟ್ರೋಲ್ ಇಳದೈತ್ರಿ, ಸ್ಟಾರ್ಟ್ ಮಾಡಾಕ ಇನ್ನ ಹಗ್ಗ ಎಳೀಬ್ಯಾಡ್ರಿ" ಅಂದ. ಸರಿಯಾದ ಮಾತು. ತೆಳುವಾದ ಆಯಿಲ್‌ನಲ್ಲಿ ಓಡಿಸಿದರೆ ಎಂಜಿನ್ನೇ ಸವೆಯುತ್ತದೆ.

ಆಮೇಲೆ ಕಾರ್ಬುರೇಟರ್ ಬಿಚ್ಚಿ, ಫ್ಲೋಟನ್ನು (ಅದರೊಳಗೆ ಪೆಟ್ರೋಲ್ ಮೇಲೆ ತೇಲುವ ಬುರುಡೆ) ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಕುಲುಕುವ ಸದ್ದಿಲ್ಲ, ಅಂದರೆ ತೂತು ಬಿದ್ದಿಲ್ಲ. ಕಾರ್ಬುರೇಟರನ್ನು ತಲೆಕೆಳಗು ಹಿಡಿದು ಪೆಟ್ರೋಲ್ ಬರುವ ನಳಿಕೆಗೆ ಪೈಪಿಟ್ಟು ಊದಿದ. ಹಾಗೆ ಹಿಡಿದಾಗ ಫ್ಲೋಟಿನ ಭಾರಕ್ಕೆ ನೀಡಲ್ (ಪೆಟ್ರೋಲ್ ದಾರಿ ಮುಚ್ಚುವ ಸೂಜಿ) ಮುಚ್ಚಿಕೊಳ್ಳಬೇಕು, ಗಾಳಿ ಹೋಗಬಾರದು. ಸರಾಗ ಹೋಯಿತು. ನೀಡಲ್ ತೆಗೆದು ಬೆಳಕಿಗೆ ಹಿಡಿದರೆ ರಬ್ಬರ್ ತುದಿಯ ಸುತ್ತ ಉಂಗುರದಂಥ ಗೆರೆ. ಓವರ್‌ಫ್ಲೋ ಆಗ್ತಿದ್ದದ್ದು ಅಲ್ಲೇ! ನೀಡಲ್, ಅದು ಕೂರುವ ಸೀಟು, ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲಿನ (ಬೌಲ್) ವಾಷರ್ ಹೊಸದು ಹಾಕಿ ಮತ್ತೆ ಊದಿದ. ಗಾಳಿ ನಿಂತಿತು.

ಪೈಪ್ ಕೂಡ ಕ್ಲಿಪ್ಪಿನ ಹತ್ತಿರ ಬಿರುಕು ಬಿಟ್ಟಿತ್ತು, ಅದನ್ನೂ ಬದಲಿಸಿದ. ಈಗಿನ ಇ20 ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಹಳೇ ರಬ್ಬರ್‌ಗೆ ಅದು ಆಗಿಬರುವುದಿಲ್ಲ. ಆ ಎಥನಾಲ್ ನಮ್ಮ ಜಿಲ್ಲೆಯ ಕಬ್ಬಿನದೇ ಇರಬಹುದು ಬಿಡಿ! ಆಯಿಲ್ ಬದಲಿಸಿ, ಟ್ಯಾಂಕಿನ ಕೆಳಗೆ ಪೆಟ್ರೋಲ್ ನಿಲ್ಲಿಸುವ ಕಾಕ್ (ನಲ್ಲಿ) ಕೂಡಿಸಿ, ಕೆಳಗೆ ಪೇಪರ್ ಹಾಸಿ ರಾತ್ರಿಯಿಡೀ ನಿಲ್ಲಿಸಿದ್ದ. ಬೆಳಗ್ಗೆ ಪೇಪರ್ ಒಣಗೇ ಇತ್ತು. ಖರ್ಚು ಹೊಸ ಕಾರ್ಬುರೇಟರ್‌ಗೆ ಹೇಳಿದ್ದರ ಅರ್ಧಕ್ಕೂ ಕಮ್ಮಿ.

ಬೇಸರದ ವಿಷಯಾನೂ ಹೇಳಬೇಕಲ್ವಾ? ಬಿಲ್ ಕೊಡುವುದಿಲ್ಲ, ಫೋನ್ ಎತ್ತುವುದಿಲ್ಲ. ಪೆಟ್ರೋಲ್ ತುಂಬಿದ ತಟ್ಟೆ ತೆರೆದಿಟ್ಟಿದ್ದಾಗ ಪಕ್ಕದಲ್ಲೇ ವೆಲ್ಡಿಂಗ್ ಕಿಡಿ ಹಾರುತ್ತಿತ್ತು. ನಾನು ಸುಮ್ನೆ ಆಚೆ ಹೋಗಿ ನಿಂತೆ. ಅದಕ್ಕೇ ಒಂದು ಸ್ಟಾರ್ ಕಟ್, ಐದಕ್ಕೆ ನಾಲ್ಕು. ಹೋಗುವವರು ಮೇ ತಿಂಗಳಲ್ಲೇ ಹೋಗಿ, ಮಳೆ ಹಿಡಿದ ಮೇಲೆ ರಿಪೇರಿಗೆ ಬರುವ, ಬೆಳೆಗೆ ಔಷಧಿ ಹೊಡೆಯುವ ಸ್ಪ್ರೇಯರ್‌ಗಳ ಸಾಲು ಜಾಸ್ತಿ. ಮೂವರ್ ಗಾಡಿಗೇರಿಸುವಾಗ ಓರೆ ಮಾಡಬೇಕಾಗಿ ಬಂದರೆ ಏರ್ ಫಿಲ್ಟರ್ ಇರುವ ಬದಿ ಮೇಲಿರಲಿ.