ಡಕ್ಟ್ ಕ್ಲೀನಿಂಗ್, ಫಿಲ್ಟರ್, ಏರ್ ಪ್ಯೂರಿಫೈಯರ್: ಮೂರನ್ನೂ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫಿಲ್ಟರ್‌ಗೆ. ಮನೆಯೊಳಗಿನ ಗಾಳಿ ಚೆನ್ನಾಗಿರಲಿ ಅಂತ ಒಂದು ವರ್ಷದಲ್ಲಿ ಮೂರು ಕೆಲಸ ಮಾಡಿದೆ. ಸೆಂಟ್ರಲ್ ಎಸಿಯ ಡಕ್ಟ್‌ಗಳನ್ನು, ಅಂದರೆ ಕೋಣೆಗಳಿಗೆ ಗಾಳಿ ಒಯ್ಯುವ ತಗಡಿನ ಕೊಳವೆಗಳನ್ನು, ಜನ ಕರೆಸಿ ಕ್ಲೀನ್ ಮಾಡಿಸಿದೆ, ಎಸಿಗೆ ದಪ್ಪನೆಯ ಒಳ್ಳೆ ಫಿಲ್ಟರ್ ಹಾಕಿಸಿದೆ, ಮಲಗುವ ಕೋಣೆಗೆ ಒಂದು ಏರ್ ಪ್ಯೂರಿಫೈಯರ್ ತಂದೆ. ಎಲ್ಲಕ್ಕಿಂತ ಜಾಸ್ತಿ ದುಡ್ಡು ಹೋಗಿದ್ದು ಡಕ್ಟ್ ಕ್ಲೀನಿಂಗ್‌ಗೆ. ಎಲ್ಲಕ್ಕಿಂತ ಕಡಿಮೆ ಉಪಯೋಗ ಆಗಿದ್ದೂ ಅದರಿಂದಲೇ.

ಶುರುವಾಗಿದ್ದು ಮಗಳ ಸೀನಿನಿಂದ. ಬೆಳಿಗ್ಗೆ ಎದ್ದ ಕೂಡಲೇ ಏಳೆಂಟು ಸಲ ಸೀನುತ್ತಿದ್ದಳು. ಟೇಬಲ್ ಒರೆಸಿದ ಎರಡೇ ದಿನಕ್ಕೆ ಮತ್ತೆ ಧೂಳು. ಒಂದು ಸಂಜೆ ಕೋಣೆಗೆ ಗಾಳಿ ಬರುವ ಗ್ರಿಲ್ ಬಿಚ್ಚಿ, ಫೋನಿನ ಟಾರ್ಚ್ ಹಾಕಿ ಡಕ್ಟ್ ಒಳಗೆ ನೋಡಿದೆ. ತಗಡಿನ ಮೇಲೆ ಬೂದು ಬಣ್ಣದ ಪದರ ಕೂತಿತ್ತು. ಇದನ್ನೇ ಅಲ್ವಾ ನಾವೆಲ್ಲ ಉಸಿರಾಡುತ್ತಿರೋದು ಅನ್ನಿಸಿಬಿಟ್ಟಿತು. ಮರುದಿನವೇ ಕ್ಲೀನಿಂಗ್‌ನವರಿಗೆ ಫೋನ್ ಮಾಡಿದೆ.

ಆ ಯೋಚನೆಯೇ ತಪ್ಪು ಅಂತ ಆಮೇಲೆ ಓದಿ ತಿಳಿಯಿತು. ತಗಡಿಗೆ ಅಂಟಿಕೊಂಡ ಧೂಳಿನಲ್ಲಿ ಬಹುಪಾಲು ಅಲ್ಲೇ ಇರುತ್ತದೆ, ಸುಮ್ನೆ ಎದ್ದು ಕೋಣೆಗೆ ಬರುವುದಿಲ್ಲ. ಮನೆಯ ಧೂಳು ಬರುವುದು ಹೊರಗಿನಿಂದ, ಬಟ್ಟೆ ಹಾಸಿಗೆಗಳಿಂದ, ನಮ್ಮ ಚರ್ಮದಿಂದ, ಅಡುಗೆಯ ಹೊಗೆಯಿಂದ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 1997ರಲ್ಲೇ ಇದರ ಬಗ್ಗೆ ಮನೆಯವರಿಗಾಗಿ ಒಂದು ಕೈಪಿಡಿ ತಂದಿದೆ. ಡಕ್ಟ್ ಕ್ಲೀನ್ ಮಾಡಿಸಿದರೆ ಆರೋಗ್ಯದ ತೊಂದರೆ ತಪ್ಪುತ್ತದೆ ಅನ್ನುವುದು ಸಾಬೀತಾಗಿಲ್ಲ, ವಾಡಿಕೆಯಂತೆ ಮಾಡಿಸುವ ಬದಲು ಬೇಕಾದಾಗ ಮಾತ್ರ ಮಾಡಿಸಿ ಅಂತ ಅದರಲ್ಲಿ ನೇರವಾಗಿ ಬರೆದಿದ್ದಾರೆ. ನಾನು ಇದನ್ನು ದುಡ್ಡು ಕೊಡುವ ಮುಂಚೆ ಓದಬೇಕಿತ್ತು.

ಬಂದವರು ಕೆಲಸ ಗೊತ್ತಿದ್ದವರೇ. ದೊಡ್ಡ ವ್ಯಾಕ್ಯೂಮ್ ಮೆಷಿನ್ ತಂದಿದ್ದರು, ಗ್ರಿಲ್‌ಗಳನ್ನೆಲ್ಲ ಮುಚ್ಚಿ, ಒಂದು ಕಡೆಯಿಂದ ಗಾಳಿ ಎಳೆಯುತ್ತಾ ಇನ್ನೊಂದು ಕಡೆಯಿಂದ ತಿರುಗುವ ಬ್ರಷ್ ಹಾಕಿ ಕ್ಲೀನ್ ಮಾಡಿದರು. ಮಾಡುವ ಸರಿಯಾದ ಕ್ರಮವೂ ಅದೇ. ನಾಲ್ಕು ಗಂಟೆ ಹಿಡಿಯಿತು. ಚೀಲದಲ್ಲಿ ತುಂಬಿದ ಧೂಳು ತೋರಿಸಿದಾಗ ನನಗೂ ಖುಷಿಯಾಯಿತು.

ತೊಂದರೆ ಶುರುವಾಗಿದ್ದು ಎರಡು ತಿಂಗಳ ಮೇಲೆ.

ವ್ಯಾಕ್ಯೂಮ್ ಪೈಪ್ ಸೇರಿಸಬೇಕಾದರೆ ಡಕ್ಟ್‌ನಲ್ಲಿ ಒಂದು ಕಿಂಡಿ ಕೊಯ್ಯಬೇಕು. ಅದರಲ್ಲಿ ತಪ್ಪಿಲ್ಲ. ನಮ್ಮ ಮನೆಯಲ್ಲಿ ಅದನ್ನು ಕೊಯ್ದಿದ್ದು ಫಾಲ್ಸ್ ಸೀಲಿಂಗ್ ಮೇಲೆ, ಗಾಳಿ ಮೆಷಿನ್‌ಗೆ ವಾಪಸ್ ಹೋಗುವ ರಿಟರ್ನ್ ಡಕ್ಟ್‌ನಲ್ಲಿ, ಅದೂ ಫಿಲ್ಟರ್ ದಾಟಿದ ಮೇಲಿನ ಭಾಗದಲ್ಲಿ. ಕೆಲಸ ಮುಗಿದ ಮೇಲೆ ಆ ಕಿಂಡಿಗೆ ಅದಕ್ಕಿಂತ ದೊಡ್ಡ ತಗಡು ಇಟ್ಟು, ಸ್ಕ್ರೂ ಹಾಕಿ, ಸುತ್ತ ಮ್ಯಾಸ್ಟಿಕ್ ಬಳಿಯಬೇಕು. ಮ್ಯಾಸ್ಟಿಕ್ ಅಂದರೆ ಡಕ್ಟ್‌ಗೆ ಹಚ್ಚುವ ಗಟ್ಟಿ ಪೇಸ್ಟ್. ಅವರು ತಗಡು ಇಟ್ಟು, ಸುತ್ತ ಬೂದು ಬಣ್ಣದ ಬಟ್ಟೆ ಟೇಪ್ ಸುತ್ತಿ ಹೋಗಿದ್ದರು. ಸೀಲಿಂಗ್ ಮುಚ್ಚಿದ್ದರಿಂದ ನನಗೆ ಕಾಣಲಿಲ್ಲ.

ರಿಟರ್ನ್ ಡಕ್ಟ್ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ ಅನ್ನುವುದನ್ನು ಇಲ್ಲಿ ನೆನಪಿಡಬೇಕು. ಟೇಪ್ ಬಿಟ್ಟುಕೊಂಡರೆ ಗಾಳಿ ಸೋರಿ ಹೋಗುವುದಿಲ್ಲ, ಹೊರಗಿನದು ಒಳಗೆ ಬರುತ್ತದೆ. ಫಾಲ್ಸ್ ಸೀಲಿಂಗ್ ಮೇಲೆ ವರ್ಷಗಳಿಂದ ಬಿದ್ದಿದ್ದ ಸಿಮೆಂಟ್ ಪುಡಿ, ಜೇಡರ ಬಲೆ, ಇನ್ಸುಲೇಶನ್ ಚೂರು, ಎಲ್ಲವೂ ಫಿಲ್ಟರ್‌ಗೆ ಸಿಗದೆ ನೇರವಾಗಿ ಬ್ಲೋವರ್‌ಗೆ, ಅಂದರೆ ಗಾಳಿ ತಳ್ಳುವ ಎಸಿಯ ಫ್ಯಾನ್‌ಗೆ ಹೋಗಿ, ಅಲ್ಲಿಂದ ಪ್ರತಿ ಕೋಣೆಗೂ ಹೋಗುತ್ತಿತ್ತು. ಗಾಳಿ ಶುದ್ಧ ಆಗಲಿ ಅಂತ ಮಾಡಿಸಿದ ಕೆಲಸದಿಂದ ಮಗಳ ಸೀನು ಹೆಚ್ಚಾಯಿತು. ಆ ದಿನಗಳಲ್ಲಿ ನನಗೆ ನಿಜವಾಗಿಯೂ ತುಂಬಾ ಸಂಕಟ ಆಗಿತ್ತು.

ಕಾರಣ ಗೊತ್ತಾಗಿದ್ದು ಪಿಎಂ 2.5, ಅಂದರೆ ಗಾಳಿಯಲ್ಲಿರುವ ಅತಿ ಸಣ್ಣ ಧೂಳಿನ ಕಣ, ಅಳೆಯುವ ಸಣ್ಣ ಮೀಟರ್ ತಂದ ಮೇಲೆ. ಬ್ಲೋವರ್ ಶುರುವಾದ ಕೆಲವೇ ನಿಮಿಷಕ್ಕೆ ಅಂಕಿ ಏರುತ್ತಿತ್ತು, ನಿಲ್ಲಿಸಿದರೆ ನಿಧಾನವಾಗಿ ಇಳಿಯುತ್ತಿತ್ತು. ಫಿಲ್ಟರ್ ಇರುವ ಮನೆಯಲ್ಲಿ ಇದು ಉಲ್ಟಾ ಆಗಬೇಕು ಅಲ್ವಾ? ಏಣಿ ಹಾಕಿ ಸೀಲಿಂಗ್ ಹಲಗೆ ಸರಿಸಿ ನೋಡಿದೆ. ಟೇಪ್‌ನ ಒಂದು ಬದಿ ಒಣಗಿ ಸುರುಳಿ ಸುತ್ತಿಕೊಂಡಿತ್ತು. ತೆಳ್ಳನೆಯ ಟಿಶ್ಯೂ ಹಾಳೆ ಹಿಡಿದರೆ ಸರಕ್ಕನೆ ಸಂದಿಗೆ ಅಂಟಿಕೊಂಡಿತು.

ಕ್ಲೀನಿಂಗ್‌ನವರಿಗೆ ಫೋನ್ ಮಾಡಿದರೆ, "ಟೇಪ್ ಸಾಕು ಸಾರ್, ಎಲ್ಲರ ಮನೆಯಲ್ಲೂ ಅದನ್ನೇ ಹಾಕೋದು" ಅಂದರು. ಸಾಕಾಗುವುದಿಲ್ಲ. ಹೆಸರಿನಲ್ಲಿ ಡಕ್ಟ್ ಟೇಪ್ ಅಂತ ಇದ್ದರೂ ಆ ಬಟ್ಟೆ ಟೇಪ್ ಡಕ್ಟ್‌ಗೆ ಆಗಿಬರುವುದಿಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 1998ರಲ್ಲಿ ಹಲವು ಬಗೆಯ ಸೀಲ್‌ಗಳನ್ನು ಬಿಸಿ ತಂಪು ಗಾಳಿಗೆ ಒಡ್ಡಿ ಪರೀಕ್ಷೆ ಮಾಡಿದಾಗ ಸೋತಿದ್ದು ಇದೇ ಟೇಪ್. ಕೊನೆಗೆ ನಾನೇ ಹಳೆ ಅಂಟು ಕೆರೆದು, ಒರೆಸಿ, ತಗಡಿಗೆ ಸ್ಕ್ರೂ ಹಾಕಿ, ಮ್ಯಾಸ್ಟಿಕ್ ಬಳಿದೆ. ಅರ್ಧ ಗಂಟೆಯ ಕೆಲಸ. ಡಬ್ಬಿಯಲ್ಲಿ ಉಳಿದಿದ್ದನ್ನು ಕೈಗೆ ಸಿಕ್ಕ ಬೇರೆ ಜಾಯಿಂಟ್‌ಗಳಿಗೂ ಹಚ್ಚಿದೆ. ಮರುದಿನದಿಂದಲೇ ಬ್ಲೋವರ್ ಓಡಿದರೆ ಅಂಕಿ ಏರುವುದು ನಿಂತಿತು. ಡಕ್ಟ್ ಕ್ಲೀನ್ ಮಾಡಿಸುವ ಬಗ್ಗೆ ಕೇಳುವ ಎಲ್ಲರಿಗೂ ನಾನು ಈಗ ಮೊದಲು ಹೇಳುವುದು ಇದನ್ನೇ: ಕಿಂಡಿ ಎಲ್ಲಿ ಕೊಯ್ಯುತ್ತೀರಿ, ಯಾವುದರಿಂದ ಮುಚ್ಚುತ್ತೀರಿ ಅಂತ ಕೇಳಿ, ಮುಚ್ಚಿದ್ದನ್ನು ಕಣ್ಣಾರೆ ನೋಡಿ, ಆಮೇಲೆ ದುಡ್ಡು ಕೊಡಿ.

ಇನ್ನು ಫಿಲ್ಟರ್. ಮೊದಲು ಇದ್ದಿದ್ದು ಮೆರ್ವ್ 8. ಈ ಮೆರ್ವ್ ಅಂಕಿ ಎಷ್ಟು ಸಣ್ಣ ಕಣ ಹಿಡಿಯುತ್ತದೆ ಅನ್ನುವುದರ ಅಳತೆ. 8 ದಪ್ಪ ಧೂಳನ್ನು ಹಿಡಿಯುತ್ತದೆ, ಸಣ್ಣದನ್ನು ಬಿಟ್ಟುಬಿಡುತ್ತದೆ. ಮೆರ್ವ್ 13 ಆದರೆ 1ರಿಂದ 3 ಮೈಕ್ರಾನ್ ಕಣಗಳಲ್ಲಿ ನೂರಕ್ಕೆ ಕನಿಷ್ಠ 85 ಭಾಗ, ಇನ್ನೂ ಸಣ್ಣ 0.3ರಿಂದ 1 ಮೈಕ್ರಾನ್ ಕಣಗಳಲ್ಲಿ ಕನಿಷ್ಠ ಅರ್ಧ ಭಾಗ ಹಿಡಿಯಬೇಕು. ಗಾಳಿ ಮತ್ತೆ ಮತ್ತೆ ಅದರ ಮೂಲಕವೇ ಹೋಗುವುದರಿಂದ ಅರ್ಧ ಅನ್ನುವುದೂ ಸಣ್ಣದೇನಲ್ಲ.

ಆದರೆ ಒಂದು ಇಂಚಿನ ಹಳೆಯ ಚೌಕಟ್ಟಿಗೇ ಮೆರ್ವ್ 13 ತುರುಕಬೇಡಿ. ನಾನು ಹಾಗೆ ಮಾಡಿ ಒಂದು ವಾರಕ್ಕೆ ಗ್ರಿಲ್‌ಗಳಲ್ಲಿ ಗಾಳಿಯೇ ಬರಲಿಲ್ಲ, ಗಾಳಿಯನ್ನು ತಣ್ಣಗೆ ಮಾಡುವ ಕಾಯಿಲ್ ಮೇಲೆ ಐಸ್ ಕಟ್ಟಿತು. ಫಿಲ್ಟರ್ ಬಿಗಿಯಾದರೆ ಬ್ಲೋವರ್ ಎಳೆಯುವ ಗಾಳಿ ಕಡಿಮೆಯಾಗುತ್ತದೆ, ಕಾಯಿಲ್ ಅತಿಯಾಗಿ ತಣ್ಣಗಾಗುತ್ತದೆ. ಮೆಕ್ಯಾನಿಕ್ ಬಂದು ನಾಲ್ಕು ಇಂಚಿನ ಫಿಲ್ಟರ್ ಹಿಡಿಸುವ ಪೆಟ್ಟಿಗೆ ಕೂರಿಸಿದರು. ದಪ್ಪ ಫಿಲ್ಟರ್‌ನಲ್ಲಿ ಮಡಿಕೆಗಳು ಆಳ, ಗಾಳಿ ಹೋಗಲು ಜಾಗ ಜಾಸ್ತಿ. ಆಮೇಲೆ ಐಸ್ ಇಲ್ಲ, ಗಾಳಿಯೂ ಸರಿಯಾಗಿ ಬರುತ್ತಿದೆ. ಪೆಟ್ಟಿಗೆಯ ಖರ್ಚು ಸೇರಿಸಿದರೂ ಡಕ್ಟ್ ಕ್ಲೀನಿಂಗ್‌ಗಿಂತ ಕಡಿಮೆಯೇ ಆಯಿತು, ಅದೂ ಮನೆಯ ಎಲ್ಲ ಕೋಣೆಗೂ ಸೇರಿ.

ಹಾಲ್‌ನಲ್ಲಿ ಮೊದಲು 40ರ ಆಸುಪಾಸು ಇರುತ್ತಿದ್ದ ಪಿಎಂ 2.5 ಈಗ 15ರ ಹತ್ತಿರ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಂದು ದಿನದ ಸರಾಸರಿಗೆ ಹಾಕಿದ ಮಿತಿಯೂ ಒಂದು ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ. ಕೊರತೆ ಒಂದೇ. ಬ್ಲೋವರ್ ಓಡಿದರೆ ಮಾತ್ರ ಫಿಲ್ಟರ್ ಕೆಲಸ ಮಾಡುತ್ತದೆ. ಹಾಗಾಗಿ ದಿನಕ್ಕೆ ಕೆಲವು ಗಂಟೆ ಫ್ಯಾನ್ ಆನ್‌ನಲ್ಲೇ ಇಡುತ್ತೇನೆ. ತೇವ ಜಾಸ್ತಿ ಇರುವ ದಿನಗಳಲ್ಲಿ ಹಾಗೆ ಇಡುವುದಿಲ್ಲ, ಕಾಯಿಲ್ ಮೇಲಿನ ನೀರು ಆವಿಯಾಗಿ ಮನೆಯೊಳಗೆ ವಾಪಸ್ ಬರುತ್ತದೆ.

ಏರ್ ಪ್ಯೂರಿಫೈಯರ್ ಬಗ್ಗೆ ದೂರಿಲ್ಲ. ಬಾಗಿಲು ಮುಚ್ಚಿದ ಒಂದು ಕೋಣೆಗೆ ಇದನ್ನು ಮೀರಿಸುವುದು ಇಲ್ಲ, ಮಗಳ ಕೋಣೆಯಲ್ಲಿ ರಾತ್ರಿ ಅಂಕಿ 10ರ ಕೆಳಗೇ ಇರುತ್ತದೆ. ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರಲಿ, ಓಝೋನ್ ಬಿಡುವ ಮೆಷಿನ್ ಬೇಡವೇ ಬೇಡ. ಕೋಣೆಯ ಚದರ ಅಡಿಯ ಮೂರರಲ್ಲಿ ಎರಡು ಭಾಗದಷ್ಟಾದರೂ ಸಿಎಡಿಆರ್, ಅಂದರೆ ಮೆಷಿನ್ ನಿಮಿಷಕ್ಕೆ ಕೊಡುವ ಶುದ್ಧ ಗಾಳಿಯ ಅಳತೆ, ಇರಬೇಕು, ಅಂದರೆ 150 ಚದರ ಅಡಿಗೆ ನಿಮಿಷಕ್ಕೆ 100 ಘನ ಅಡಿ. ಜೋರು ಸ್ಪೀಡಿನಲ್ಲಿ ಸದ್ದು ಜಾಸ್ತಿ, ಅದಕ್ಕೆ ಒಂದು ಸೈಜ್ ದೊಡ್ಡದೇ ತಂದು ನಿಧಾನಕ್ಕೆ ಓಡಿಸುತ್ತೇವೆ. ಆದರೆ ನಾಲ್ಕು ಕೋಣೆಗೆ ನಾಲ್ಕು ಮೆಷಿನ್, ನಾಲ್ಕರ ಫಿಲ್ಟರ್ ಖರ್ಚು ನನ್ನ ಬಜೆಟ್‌ಗೆ ಆಗುವ ಮಾತಲ್ಲ.

ಹಾಗಾದರೆ ಡಕ್ಟ್ ಕ್ಲೀನಿಂಗ್ ಯಾರಿಗೂ ಬೇಡವಾ? ಬೇಕು. ಒಳಗೆ ಬೂಷ್ಟು ಕಣ್ಣಿಗೆ ಕಾಣುತ್ತಿದ್ದರೆ, ಇಲಿ ಹುಳು ಸೇರಿಕೊಂಡಿದ್ದರೆ, ಮನೆಯ ರಿಪೇರಿ ಕೆಲಸ ಮಾಡಿಸಿದಾಗ ಕಸ ತುಂಬಿ ಗ್ರಿಲ್‌ನಿಂದ ಉದುರುತ್ತಿದ್ದರೆ ಮಾಡಿಸಲೇಬೇಕು. ಬೂಷ್ಟಾದರೆ ತೇವ ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಿ, ಇಲ್ಲದಿದ್ದರೆ ಅದು ಮತ್ತೆ ಬರುತ್ತದೆ. ಒಳಗೆ ಹತ್ತಿಯಂಥ ಇನ್ಸುಲೇಶನ್ ಇರುವ ಡಕ್ಟ್ ಒದ್ದೆಯಾಗಿ ಬೂಷ್ಟು ಹಿಡಿದರೆ ತೊಳೆದು ಪ್ರಯೋಜನವಿಲ್ಲ, ಆ ಭಾಗ ಬದಲಿಸಬೇಕು. ಕಾಯಿಲ್, ಬ್ಲೋವರ್, ನೀರು ಬೀಳುವ ಟ್ರೇ ಬಿಟ್ಟು ಬರೀ ಡಕ್ಟ್ ಮಾಡುತ್ತೇವೆ ಅಂದರೆ ಒಪ್ಪಬೇಡಿ. ಕೊನೆಯಲ್ಲಿ ಔಷಧಿ ಸ್ಪ್ರೇ ಮಾಡುತ್ತೇವೆ ಅಂತಾರೆ, ನಾನು ಬೇಡ ಅಂದೆ.

ನನಗೆ ಫಿಲ್ಟರ್ ಹೊಂದಿಕೊಂಡಿದ್ದಕ್ಕೆ ಇನ್ನೊಂದು ಕಾರಣ, ನೋಡಿಕೊಳ್ಳುವುದು ಸುಲಭ. ತಿಂಗಳಿಗೊಮ್ಮೆ ಪೆಟ್ಟಿಗೆ ತೆಗೆದು ನೋಡುತ್ತೇನೆ, ಮಡಿಕೆಗಳು ಪೂರ್ತಿ ಬೂದು ಬಣ್ಣಕ್ಕೆ ತಿರುಗಿದಾಗ ಬದಲಿಸುತ್ತೇನೆ. ಹೊಸದನ್ನು ಹಾಕುವಾಗ ಚೌಕಟ್ಟಿನ ಮೇಲಿನ ಬಾಣದ ಗುರುತು ಬ್ಲೋವರ್ ಕಡೆಗೆ ಇರಬೇಕು, ಸುತ್ತ ಸಂದಿ ಇರಬಾರದು. ಹಾಕಿದ ತಾರೀಕನ್ನು ಮಾರ್ಕರ್‌ನಲ್ಲಿ ಅಂಚಿನ ಮೇಲೆ ಮಗಳೇ ಬರೆಯುತ್ತಾಳೆ. ಬೆಳಗಿನ ಸೀನು ಈಗ ಒಂದೆರಡಕ್ಕೆ ಇಳಿದಿದೆ.